ಮೇಷ್ಟ್ರ ಕಾರು ಒಂದೇ ಸಲಕ್ಕೆ ಎದ್ದ ದಿನ

ಡ್ರಾಯಿಂಗ್ ಮೇಷ್ಟ್ರ ಹಳೇ ಕಾರು ಆ ದಿನ ಬೆಳಿಗ್ಗೆಯೂ ಕೀ ತಿರುಗಿಸಿದ ಕೂಡಲೇ ಎದ್ದೇಳಲಿಲ್ಲ. "ಉಂ... ಉಂ... ಉಂ..." ಎಂದು ರಜೆಯ ದಿನ ಎಬ್ಬಿಸಿದ ಹುಡುಗನ ಹಾಗೆ ಮುಲುಗಿ, ಬೀದಿಯವರೆಲ್ಲ ಎದ್ದ ಮೇಲೆ ತಾನೂ ಎದ್ದಿತು.

ಬ್ಯಾಂಕಿಗೆ ಹೊರಟಿದ್ದ ಹೆಂಡತಿ ಬಾಗಿಲಲ್ಲೇ ನಿಂತಳು. "ಸಂಜೆ ಐದಕ್ಕೆ ಅಮ್ಮನ ರೈಲು. ನಾನು ನೇರ ಸ್ಟೇಷನ್ನಿಗೇ ಬರ್ತೀನಿ. ಸ್ಟಾರ್ಟ್ ಆಗ್ಲಿಲ್ಲ ಅಂತ ಇವತ್ತೂ ಕೈ ಕೊಟ್ರೆ, ಗುಜರಿಯವನಿಗೆ ಫೋನ್ ಮಾಡೋದೇ!"

"ಗುಜರಿಯವನನ್ನಲ್ಲ, ಅವರಪ್ಪನ್ನ ಕರೆಸು! ಈ ಕಾರು ಮನೆ ಬಿಟ್ಟು ಕದಲಲ್ಲ!"

"ಅದೇ ತಾನೇ ಅದರ ರೋಗ," ಎಂದು ಅವಳು ಹೊರಟೇಹೋದಳು.

ಮೇಷ್ಟ್ರು ಸ್ಕೂಲಿಗೆ ರಜೆ ಹಾಕಿ ಬಾನೆಟ್ ಎತ್ತಿದರು. ಎತ್ತಿದ್ದೇ ತಡ, ಅಕ್ಕಪಕ್ಕದವರು ಹಾಜರ್. "ಬ್ಯಾಟರಿ ಸತ್ತಿದೆ," ಎಂದ ಟೈಲರ್, ತನ್ನ ಅಂಗಡಿಯ ಬ್ಯಾಟರಿಯನ್ನೇ ಹೊತ್ತು ತಂದು ಜೋಡಿಸಿದ. ಮತ್ತದೇ ಮುಲುಕಾಟ. "ಇಂಜಿನ್ನಿಗೆ ಶೀತ ಆಗಿದೆ," ಎಂದ ಕಾಂಪೌಂಡರ್, ಕೇಳದೆಯೇ ಕೆಟಲಿನ ಬಿಸಿನೀರು ಸುರಿದ. ಹಬೆ ಎದ್ದು ಅವನ ಕನ್ನಡಕವೇ ಮಂಜಾಯಿತು. ಬೇಕರಿಯವನು ಲಟ್ಟಣಿಗೆ ತಂದು ಸ್ಟಾರ್ಟರಿಗೆ ಬಡಿದ. ಲಟ್ಟಣಿಗೆ ಎರಡು ತುಂಡಾಯಿತು.

"ನಮ್ಮ ವ್ಯಾನಿಗೂ ಹೀಗೇ ಮಾಡಿದ್ದೆ ಮೇಷ್ಟ್ರೇ."

"ಸರಿಹೋಯ್ತಾ?"

"ಎಲ್ಲಿ! ಈಗಲೂ ತಳ್ಳೇ ಓಡಿಸೋದು."

ಮೇಷ್ಟ್ರ ಪಿತ್ತ ನೆತ್ತಿಗೇರಿತು. "ಸಾಕು! ಯಾರೂ ಮುಟ್ಟಕೂಡದು! ನನ್ನ ಕಾರು, ನನ್ನ ಹಠ!"

ಊಟ ಬಿಟ್ಟು ಒಂದೊಂದೇ ವೈರನ್ನು ಹಿಡಿದು ನೋಡಿದರು. ಟೈಲರನಿಗೆ ಕೀ ತಿರುಗಿಸಲು ಮಾತ್ರ ಅಪ್ಪಣೆ. ಅವನು ತಿರುಗಿಸುತ್ತಿದ್ದಾಗ ಬ್ಯಾಟರಿಯ ಅರ್ಥ್ ವೈರಿನ ತುದಿಗೆ ಕೈಯಿಟ್ಟರೆ, ಚುರ್ ಎಂದಿತು. ಬಿಚ್ಚಿದರು. ಒಳಗೆಲ್ಲ ಬಿಳಿ ಹಿಟ್ಟಿನಂತೆ ಕಿಲುಬು. ಕರೆಂಟು ಹೋಗಲು ದಾರಿಯಿಲ್ಲದೆ ಅಲ್ಲೇ ಬಿಸಿಯಾಗಿ ಕೂತಿತ್ತು. ಪೆನ್ಸಿಲ್ ಮೊನೆ ಮಾಡುವ ಉಪ್ಪುಕಾಗದದಿಂದ ತಿಕ್ಕಿ, ಬಿಗಿಯಾಗಿ ಕಟ್ಟಿ ಕೀ ತಿರುಗಿಸಿದರು.

ಭರ್ರ್!

ಮೇಷ್ಟ್ರು ಬೀದಿಯಲ್ಲೇ ಕುಣಿದರು. "ಮೆಕಾನಿಕ್ ಅಂತೆ, ಗುಜರಿ ಅಂತೆ! ಯಾವ ಗಾಡಿ ಬೇಕಾದ್ರೂ ತನ್ರಯ್ಯಾ, ರೋಗ ನಾನು ಹೇಳ್ತೀನಿ!" ಎಂದು ಸಾರಿ ಸ್ನಾನಕ್ಕೆ ಹೋದರು.

ಇಸ್ತ್ರಿ ಶರ್ಟು ತೊಟ್ಟು ಹೊರಬಂದರೆ, ಗೇಟಿನ ಮುಂದೆ ಬೇಕರಿ ವ್ಯಾನು, ಕಾಂಪೌಂಡರನ ಸ್ಕೂಟರು, ಟೈಲರನ ಜೀಪು. ಮೂರೂ ಸ್ಟಾರ್ಟ್ ಆಗದವು. ಮೂರನ್ನೂ ತಳ್ಳಿಕೊಂಡು ಬಂದು, ಬೀಗ ಹಾಕಿ, ಯಜಮಾನರು ಟೀ ಕುಡಿಯಲು ಹೋಗಿದ್ದರು.

ಮೇಷ್ಟ್ರು ಗೇಟಿನೊಳಗಿದ್ದ ಕಾರಿನಲ್ಲಿ ಕೂತು, ಸ್ಟಾರ್ಟ್ ಮಾಡಿ, ಹಾರ್ನ್ ಒತ್ತಿದರು. ಒತ್ತಿಯೇ ಒತ್ತಿದರು. "ಪಾಪ, ಹಾರ್ನ್ ಟೆಸ್ಟ್ ಮಾಡ್ತಿದಾರೆ," ಎಂದು ಟೀ ಅಂಗಡಿಯಲ್ಲಿ ಕಾಂಪೌಂಡರ್ ಮೆಚ್ಚಿಕೊಂಡ. ಐದು ಹೊಡೆಯಿತು. ಟ್ಯಾಕ್ಸಿ ಹಿಡಿದು ಹೋಗಬಹುದಿತ್ತು. ಹಠವೆಂದರೆ ಹಠ, ಮೇಷ್ಟ್ರು ಇಳಿಯಲಿಲ್ಲ.

ಆರರ ಹೊತ್ತಿಗೆ ಟ್ಯಾಕ್ಸಿಯಲ್ಲಿ ಹೆಂಡತಿ, ಅತ್ತೆ ಬಂದಿಳಿದರು. ಹಿಂದೆಯೇ ಗುಜರಿಯವನು.

"ಅಮ್ಮಾ, ಇದರಲ್ಲಿ ಯಾವುದು? ಎಲ್ಲಾ ನಮ್ಮ ಮಾಲಿನ ಹಾಗೇ ಕಾಣ್ತಿದೆ," ಎಂದ ಅವನು.

ಟೀ ಅಂಗಡಿಯಿಂದ ಮೂವರೂ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು. ಕಣ್ಣು ಮಿಟುಕಿಸುವುದರಲ್ಲಿ ವ್ಯಾನು, ಸ್ಕೂಟರು, ಜೀಪು ಎಲ್ಲಾ ಮಾಯ. ದಾರಿ ಸಾಫ್.

"ನೋಡೇ!" ಮೇಷ್ಟ್ರು ಎದೆಯುಬ್ಬಿಸಿ ಎಲ್ಲರೆದುರು ಇಂಜಿನ್ ಆರಿಸಿ, ಮತ್ತೆ ಕೀ ತಿರುಗಿಸಿದರು. ಭರ್ರ್!

ಅತ್ತೆ ಗಲ್ಲಕ್ಕೆ ಕೈಯಿಟ್ಟರು. "ಒಂದೇ ಸಲಕ್ಕೆ ಸ್ಟಾರ್ಟ್ ಆಗತ್ತಲ್ಲ ಅಳಿಯಂದ್ರೇ! ಮತ್ತೆ ನನ್ನ ಕರೆಯೋಕೆ ಯಾಕೆ ಬರ್ಲಿಲ್ಲ?"

ಹೆಂಡತಿ ಗುಜರಿಯವನಿಗೆ ಕಣ್ಣಲ್ಲೇ ಕಾರು ತೋರಿಸಿದಳು. ಅವನ ಮುಖ ಅರಳಿತು. "ಒಳ್ಳೇದಾಯ್ತು ಸಾರ್, ಎಳ್ಕೊಂಡು ಹೋಗೋ ಕೆಲಸ ತಪ್ತು. ಸ್ವಲ್ಪ ಆ ಕಡೆ ಸರೀರಿ, ನಾನೇ ಓಡಿಸ್ತೀನಿ."

ಮೇಷ್ಟ್ರು ಸರಿದರು, ಪಕ್ಕದ ಸೀಟಿಗೆ. ಅಲ್ಲಿ ಕಾಲಿನ ಮೇಲೆ ಕಾಲು ಹಾಕಿ, ಕೈ ಕಟ್ಟಿ ಕೂತು ಗುಡುಗಿದರು:

"ನಡಿ! ತೂಕಕ್ಕೆ ಹಾಕೋದಾದ್ರೆ ನನ್ನನ್ನೂ ಸೇರಿಸೇ ಹಾಕು!"