ಕಿವಿ ಮಷೀನು ಬಂದ ದಿನ

ಭಗವಂತನಿಗೆ ಕಿವಿ ಮಷೀನು ಬಂದ ದಿನವೇ ಎಲ್ಲಿಯೋ ಟೆಸ್ಟ್ ಮ್ಯಾಚು ನಡೆಯಬೇಕೆ? ಶಹಾಬಾದಿನಲ್ಲಿ ಅಂಗಿಯ ಜೇಬಿನಿಂದ ಕಿವಿಗೆ ವೈರು ಹೋಗಿದೆಯೆಂದರೆ ಅದು ಟ್ರಾನ್ಸಿಸ್ಟರು. ಅದು ಬೇರೆ ಏನಾದರೂ ಇದ್ದೀತೆಂದು ಯೋಚಿಸುವಷ್ಟು ಪುರುಸೊತ್ತು ಆ ಊರಲ್ಲಿ ಯಾರಿಗೂ ಇರಲಿಲ್ಲ.

ಕಿವುಡ ಮಕ್ಕಳ ಶಾಲೆಯಲ್ಲಿ ಓದುವಾಗ ಭಗವಂತನಿಗೆ ಅಷ್ಟಿಷ್ಟು ಕೇಳಿಸುತ್ತಿತ್ತು. ಅಲ್ಲಿ ಬೆಂಚಿಗೇ ಬಿಗಿದ ಹೆಡ್‌ಫೋನುಗಳಿದ್ದವು. ಮೆಟ್ರಿಕ್ ಪಾಸಾಗಿ ಹೊರಬಿದ್ದಾಗ ಸರ್ಟಿಫಿಕೇಟು ಅವನ ಜೊತೆ ಬಂತು, ಸದ್ದು ಬೆಂಚಿನಲ್ಲೇ ಉಳಿಯಿತು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಡಿಪೋದಲ್ಲಿ ಗುಮಾಸ್ತನಾದ, ಎದುರಿಗಿದ್ದವರ ತುಟಿ ನೋಡಿ ದಿನ ದೂಡಿದ. ಮದುವೆಯೂ ಆಯಿತು. ಮದುವೆಯಲ್ಲಿ ಹೆಂಡತಿ ಅನಸುಬಾಯಿ ಪ್ರಾಸದ ಒಡಪು ಕಟ್ಟಿ, ಅದರಲ್ಲಿ ಗಂಡನ ಹೆಸರು ಸೇರಿಸಿ ಹೇಳಿದಾಗ ಹಂದರವೆಲ್ಲ ನಕ್ಕಿತು. ಅವಳು ತಲೆ ತಗ್ಗಿಸಿದ್ದರಿಂದ ಅವನಿಗೆ ತುಟಿಯೂ ಕಾಣಲಿಲ್ಲ. ಎಲ್ಲರೂ ನಕ್ಕರಲ್ಲ ಎಂದು ತಾನೂ ನಕ್ಕ. ಹೆಂಡತಿ ಗಂಡನ ಹೆಸರು ತೆಗೆದುಕೊಳ್ಳುವುದು ಇಂಥ ಶುಭಕಾರ್ಯದ ಒಡಪಿನಲ್ಲಿ ಮಾತ್ರ. ಉಳಿದ ದಿನವೆಲ್ಲ ಬರೀ 'ಏನ್ರಿ'. ಅವಳ ಬಾಯಲ್ಲಿ ತನ್ನ ಹೆಸರನ್ನು ಒಮ್ಮೆ ಕೇಳಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು.

ಮಷೀನು ಬಂದ ದಿನ ಸಂಜೆ ಎದುರುಮನೆಯ ಹಣಮವ್ವನ ಬಸುರಿ ಸೊಸೆಗೆ ಕುಬುಸದ ಶಾಸ್ತ್ರವಿತ್ತು. ಬಂದ ಹೆಣ್ಣುಮಕ್ಕಳಿಂದ ಒಡಪು ಹೇಳಿಸದೆ ಹಣಮವ್ವ ಊಟಕ್ಕೆ ಬಿಡುವವಳಲ್ಲ. ಅದೇ ದಿನ ಬೆಳಿಗ್ಗೆ, ಶಾಲೆಯ ಗುರುಗಳು ಓಡಾಡಿ ಮಂಜೂರು ಮಾಡಿಸಿದ ಮಷೀನು ಟಪಾಲಿನಲ್ಲಿ ಡಿಪೋಕ್ಕೆ ಬಂತು. ಭಗವಂತ ಅದನ್ನು ಜೇಬಿಗಿಳಿಸಿ, ವೈರಿನ ತುದಿಯನ್ನು ಕಿವಿಗಿಟ್ಟುಕೊಂಡ. ಉಳಿ ಕಲ್ಲಿಗೆ ತಾಗುವ ಸದ್ದು ಕೇಳಿ ಕಣ್ಣು ತುಂಬಿ ಬಂತು. ಸಂಜೆ ಹಣಮವ್ವನ ಬಾಗಿಲಲ್ಲಿ ನಿಂತರೆ ಸಾಕು, ಅನಸುಬಾಯಿಯ ಒಡಪು ಕೇಳೀತು ಎಂದುಕೊಂಡ.

ಹಮಾಲಿ ಭೀಮಶ್ಯಾ ಬಂದು ಸ್ಕೋರು ಕೇಳಿದ. ಇದು ಕಿವಿ ಮಷೀನು ಎಂದರೆ ಕಣ್ಣು ಹೊಡೆದು ನಕ್ಕ. ಇನ್ನಿಬ್ಬರು ಬಂದರು, ಆಮೇಲೆ ಐದಾರು ಮಂದಿ. ಕಾಟ ತಾಳಲಾರದೆ ಭಗವಂತ ಬಾಯಿಗೆ ಬಂದ ಸ್ಕೋರು ಹೇಳಿಬಿಟ್ಟ. ಅದೇ ತಪ್ಪಾಯಿತು. ನಮ್ಮವರು ಗೆಲ್ಲುತ್ತಿದ್ದಾರೆಂದು ಕಲ್ಲು ಕಡಿಯುವವರೆಲ್ಲ ಉಳಿ ಎಸೆದು ಅವನ ಸುತ್ತ ಸೇರಿದರು. ಭೀಮಶ್ಯಾ ಎಲ್ಲರಿಗೂ ಚಹಾ ತರಿಸಿದ.

ಗದ್ದಲ ಕೇಳಿ ಮ್ಯಾನೇಜರ ಗುರುಲಿಂಗಪ್ಪ ಹೊರಗೆ ಬಂದರು. ಭಗವಂತ ಕೈ ಮುಗಿದು ನಿಜ ಹೇಳಿದ. ಪರೀಕ್ಷಿಸಿಯೇ ಬಿಡುತ್ತೇನೆಂದು ಅವರು ವೈರನ್ನು ತಮ್ಮ ಕಿವಿಗೆ ಚುಚ್ಚಿಕೊಂಡರು. ಡಿಪೋದ ಅಷ್ಟೂ ಜನರ ಕೂಗಾಟ ಹತ್ತು ಪಟ್ಟಾಗಿ ಒಳಗೆ ನುಗ್ಗಿತು.

"ಸ್ಟೇಡಿಯಮ್ಮಿನ ಮಂದಿ ಹೊಯ್ಕೊಳ್ಳೋದು ನನಗೇ ಕೇಳಲಿಕತ್ತದ. ಇನ್ನ ಸುಳ್ಳ ಹೇಳ್ತೀ ಏನೋ?" ಎಂದು ಗದರಿದರು.

ಮಷೀನು ಮೇಜಿನ ಖಾನೆ ಸೇರಿ ಕೀಲಿ ಬಿತ್ತು. ಅದು ಕೈಗೆ ಬಂದದ್ದು ಡಿಪೋ ಮುಚ್ಚುವಾಗ, ಗುರುಲಿಂಗಪ್ಪ ಬಂದವರಿಗೆಲ್ಲ ಬುದ್ಧಿವಾದ ಹೇಳಿ ಮುಗಿಸಿದ ಮೇಲೆ. ಅಷ್ಟರಲ್ಲಿ ನಿಜವಾದ ಸ್ಕೋರು ಊರಿಗೆ ಬಂದಿತ್ತು. ಚಹಾದ ದುಡ್ಡು ಕೊಟ್ಟ ಭೀಮಶ್ಯಾ ಗೇಟಿನಲ್ಲೇ ಕಾಯುತ್ತಿದ್ದನಾದ್ದರಿಂದ ಭಗವಂತ ಹಿಂದಿನ ಗೋಡೆ ಹಾರಿ, ಅಂಗಿ ಹರಿದುಕೊಂಡು ಓಡಿದ.

ಹಣಮವ್ವನ ಮನೆಯಲ್ಲಿ ಚಾಪೆ ಸುತ್ತುತ್ತಿದ್ದರು. ಒಡಪು ಮುಗಿದಿತ್ತು, ಅನಸುಬಾಯಿ ಮನೆಗೆ ಹೋಗಿದ್ದಳು. ಭಗವಂತ ಕಟ್ಟೆಯ ಮೇಲೆ ಕುಸಿದು, ಕಿವಿಯ ವೈರು ತೋರಿಸಿ, ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಂಡ. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಒಡಪಿಗ್ಯಾಕ ಅಳ್ತಿ ತಮ್ಮಾ? ನೀ ಬೆನ್ನು ಮಾಡಿ ಕುಂತಾಗೆಲ್ಲ ಆಕಿ ಭಗವಂತಾ, ಭಗವಂತಾ ಅಂತ ಕರದೇ ಕರೀತಾಳ. ಗಂಡಗ ಕೇಳಂಗಿಲ್ಲ ಅಂದ ಮ್ಯಾಲೆ ಹೆಸರ ತಗೊಂಡ್ರ ಏನ್ ತಪ್ಪು ಅಂತಾಳ. ಓಣಿಗೆಲ್ಲ ಗೊತ್ತದ."

ತನ್ನ ಮನೆಯಲ್ಲೇ, ತನ್ನ ಬೆನ್ನ ಹಿಂದೆಯೇ ಇಷ್ಟು ದಿನ! ಭಗವಂತ ಓಣಿ ದಾಟಿ ಒಳಗೆ ನುಗ್ಗಿದ. ಮಷೀನು ಕಂಡು ಅನಸುಬಾಯಿ ರೊಟ್ಟಿ ತಟ್ಟುವುದನ್ನು ಬಿಟ್ಟು ಎದ್ದಳು.

"ಖರೇನೇ ಕೇಳಲಿಕತ್ತದೇನ್ರಿ?"

ಅವಳ ದನಿ ಅವನು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಒರಟಾಗಿತ್ತು. ಅದೇ ಅವನಿಗೆ ಬಹಳ ಹಿಡಿಸಿತು. ಹೌದೆಂದು ತಲೆಯಾಡಿಸಿ, ಒಂದು ಸಲ ನನ್ನ ಹೆಸರು ಹೇಳು ಎಂದ. ಹಣಮವ್ವ ಎಲ್ಲ ಹೇಳಿದ್ದಾಳೆ ಎಂದೂ ಅಂದ.

ಅನಸುಬಾಯಿ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. "ಕಿವಿ ಕೇಳೋ ಗಂಡನ ಹೆಸರ ಹ್ಯಾಂಗ ತಗೊಳ್ಳಿ? ಇನ್ನ ಮ್ಯಾಲೆ ನನ್ನ ಬಾಯಾಗ ಬರಂಗಿಲ್ರಿ."

ಬೇಡಿಕೊಂಡ, ಗದರಿದ, ಮುನಿಸಿಕೊಂಡ. ಅವಳು ನಾಚಿ ಒಲೆಯ ಕಡೆ ತಿರುಗಿಬಿಟ್ಟಳು.

ಕೊನೆಗೆ ಭಗವಂತ ಕಿವಿಯಿಂದ ವೈರು ಕಿತ್ತು, ಮಷೀನನ್ನು ಅವಳಿಗೆ ಕಾಣುವಂತೆ ಗೋಡೆಯ ಗೂಡಿನಲ್ಲಿಟ್ಟು, ಹೊಸ್ತಿಲ ಮೇಲೆ ಒಳಗಿನ ಕಡೆ ಬೆನ್ನು ಮಾಡಿ ಕೂತ. ಲೋಕವೆಲ್ಲ ಮತ್ತೆ ಸುಮ್ಮನಾಯಿತು. ಬಹಳ ಹೊತ್ತು ಹಾಗೇ ಕಾದ. ಎದುರಿನ ಕಟ್ಟೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಹಣಮವ್ವ ಥಟ್ಟನೆ ತಲೆಯೆತ್ತಿ, ಅವನ ಹಿಂದಿನ ಬಾಗಿಲ ಕಡೆ ನೋಡಿ, ಒಂದು ಸಲ ಆಯಿತು ಎನ್ನುವಂತೆ ಅವನತ್ತ ಒಂದು ಬೆರಳೆತ್ತಿ ನಕ್ಕಳು.