ಚಿಕ್ಕಪ್ಪನ ಅಭಿಮಾನಿ ಬಳಗ

ನಮ್ಮ ಚಿಕ್ಕಪ್ಪನ ರಾಕ್ ಬ್ಯಾಂಡಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಹೀಗೆ ಮೂರೂ ತಾಲೂಕಿನಲ್ಲಿ ಅಭಿಮಾನಿಗಳಿದ್ದರು. ನಗಬೇಡಿ! ಅವರೆಲ್ಲರೂ ನನಗೆ ಬಹಳ ಹತ್ತಿರದವರು. ಎಷ್ಟು ಹತ್ತಿರ ಎಂಬುದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ತೊಂಬತ್ತರ ದಶಕದ ಕೊನೆಯ ಮಾತು. ಚಿಕ್ಕಪ್ಪ ಶಿರಸಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ, ನಾನು ಅವನ ಮನೆಯಲ್ಲಿದ್ದು ಓದುತ್ತಿದ್ದೆ. ಹಗಲಿಡೀ ಟಕಟಕ, ಸಂಜೆಯಾದರೆ ಗಿಟಾರು. ಮದ್ದಲೆ ಬಿಟ್ಟು ಡ್ರಮ್ಮಿಗೆ ಬಂದವರೊಬ್ಬರು, ಬೇಸ್ ಗಿಟಾರು ಹಿಡಿದ ರೇಡಿಯೋ ರಿಪೇರಿಯವರೊಬ್ಬರು, ಚಿಕ್ಕಪ್ಪ: ಮೂವರ ಬ್ಯಾಂಡು, ಹೆಸರು ‘ಕಾಳುಮೆಣಸು’. ಯಾವ ಕಂಪನಿಯ ಹಂಗೂ ಇಲ್ಲ. ಹಾಡು ಕಟ್ಟುವುದರಿಂದ ಹಿಡಿದು ಕ್ಯಾಸೆಟ್ಟಿಗೆ ಚೀಟಿ ಅಂಟಿಸುವವರೆಗೆ ಎಲ್ಲ ತಾವೇ. ಚೀಟಿಯಂತೂ ಟೈಪಿಂಗ್ ಕ್ಲಾಸಿನ ಹುಡುಗಿಯರ ಅಭ್ಯಾಸದ ಪಾಠವಾಗಿಬಿಟ್ಟಿತ್ತು!

ಮೊದಲ ಕ್ಯಾಸೆಟ್ ಬಂದಾಗ ಊರಲ್ಲಿ ಯಾರೂ ಹೊಗಳಲಿಲ್ಲ. ಅದು ಹೋಗಲಿ, ಬೈಯಲೂ ಇಲ್ಲ! ಚಿಕ್ಕಪ್ಪ ಮೂರು ತಿಂಗಳು ಗಿಟಾರು ಮುಟ್ಟಲಿಲ್ಲ. ಸಾರಿಗೆ ಉಪ್ಪು ಹಾಕದೆ ಬಡಿಸಿದರೂ ತುಟಿಪಿಟಕ್ಕೆನ್ನದೆ ಉಂಡೆದ್ದ. ಅಲ್ಲಿಯವರೆಗೆ ಆ ವಾದ್ಯಕ್ಕೆ ಶಾಪ ಹಾಕುತ್ತಿದ್ದ ಚಿಕ್ಕಮ್ಮನೇ, “ಇದಕ್ಕಿಂತ ಆ ಗಲಾಟೆನೇ ಚೊಲೋ ಇತ್ತು ಮಾರಾಯ್ತಿ” ಎಂದು ನನ್ನ ಹತ್ತಿರ ಕಣ್ಣೊರೆಸಿಕೊಂಡಳು.

ಅಂತೂ ಎರಡನೆಯ ಕ್ಯಾಸೆಟ್ ಬಂತು. ಹೆಸರು ‘ಎರಡನೇ ಕೊಯ್ಲು’. ಚಿಕ್ಕಪ್ಪ ಜಗಲಿಯಲ್ಲಿ ನಿಂತು ಘೋಷಿಸಿದ: “ಇದಕ್ಕೂ ಯಾರೂ ಎಂತೂ ಹೇಳ್ದಿದ್ರೆ ಗಿಟಾರ್ ಮಾರಿಬಿಡ್ತೆ. ಮತ್ತೆ ಆ ಸುದ್ದಿನೇ ಇಲ್ಲೆ!” ಬರಿಯ ಮಾತಲ್ಲ. ಹಾವೇರಿಯ ಆರ್ಕೆಸ್ಟ್ರಾದವರೊಬ್ಬರು ಆಗಲೇ ಎರಡು ಸಲ ಫೋನು ಮಾಡಿ, “ಯಾವಾಗ ಕೊಡ್ತೀರಿ ಹೇಳ್ರಿ, ಬಂದು ಒಯ್ತೀನ್ರಿ” ಎಂದಿದ್ದರು.

ಮೊದಲ ವಿಮರ್ಶಕರು ವಾನಳ್ಳಿಯ ನಿವೃತ್ತ ಮಾಸ್ತರರು. ತಾಳಮದ್ದಲೆಯಲ್ಲಿ ಅರ್ಥ ಹೇಳುವುದರಲ್ಲಿ ಅವರು ಎತ್ತಿದ ಕೈ. ಕಣ್ಣುಮುಚ್ಚಿ ಎರಡೂ ಬದಿ ಕೇಳಿ ತೀರ್ಪು ಕೊಟ್ಟರು: “ಪದ್ಯ ಅಡ್ಡಿಲ್ಲೆ. ಆದ್ರೆ ಅರ್ಥ ಹೇಳವ್ವೇ ಇಲ್ಲೆ ಅಲ್ದನಾ?” ಭಾಗವತರ ಪದ್ಯ ಮುಗಿದ ಮೇಲೆ ಯಾರಾದರೂ ಕೂತು ಅದನ್ನು ಮಾತಿನಲ್ಲಿ ಬಿಡಿಸಬೇಕಲ್ಲವೇ? ಬರೀ ಪದ್ಯದ ಮೇಲೆ ಪದ್ಯ ಹಾಡಿಬಿಟ್ಟರೆ ಅನ್ನ ಬಡಿಸಿ ಸಾರು ಮರೆತ ಹಾಗೆ ಎಂಬುದು ಅವರ ವಾದ.

ಬೇರೆ ಯಾರಾದರೂ ನಕ್ಕು ಬಿಡುತ್ತಿದ್ದರು. ಚಿಕ್ಕಪ್ಪ ಬಿಟ್ಟಾನೆಯೇ? ಮುಂದಿನ ಕಾರ್ಯಕ್ರಮದಲ್ಲಿ ಪ್ರತಿ ಹಾಡಿನ ನಂತರ ರೇಡಿಯೋ ರಿಪೇರಿಯವರು ಶಾಲು ಹೊದ್ದು ಅರ್ಥ ಹೇಳಿದರು. ಹಾಡು ನಾಲ್ಕು ನಿಮಿಷ, ಅರ್ಥ ಇಪ್ಪತ್ತು! ಕರೆಂಟು ಹೋದದ್ದರ ಮೇಲಿನ ಹಾಡಿಗೆ ಅವರು ಸೂರ್ಯವಂಶದಿಂದ ಶುರುಮಾಡಿದರು. ಜನ ಎದ್ದು ಹೋಗುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. “ಅರ್ಥ ಭಾರೀ ಚೊಲೋ ಆತು. ಮಧ್ಯೆ ಮಧ್ಯೆ ಆ ಪದ್ಯ ಎಂತಕ್ಕೆ ಬೇಕಾಗಿತ್ತು?” ಎನ್ನುತ್ತಿದ್ದರು.

ಮರುದಿನ ಚಿಕ್ಕಪ್ಪ ಗಿಟಾರು ಒರೆಸಿ ಚೀಲಕ್ಕೆ ಹಾಕಿದ. ಆ ಮೂರು ತಿಂಗಳು ಇನ್ನೊಮ್ಮೆ ಬರುವುದು ನನಗೆ ಬೇಡವಾಗಿತ್ತು. ಹಾಗಾಗಿ ನಾನೇ ಅಭಿಮಾನಿಯಾದೆ! ಅಕ್ಷರದ ಗುರುತು ಸಿಗದಂತೆ ಎಡಗೈಯಲ್ಲಿ ಒಂದು ಕಾರ್ಡು ಬರೆದು, ಶನಿವಾರ ಊರಿಗೆ ಹೋಗುವ ವಜ್ರಳ್ಳಿಯ ಗೆಳತಿಗೆ ಕೊಟ್ಟು ಅಲ್ಲಿಂದಲೇ ಅಂಚೆಗೆ ಹಾಕಿಸಿದೆ. ಮುದ್ರೆ ವಜ್ರಳ್ಳಿಯದೇ ಬೀಳಬೇಕಲ್ಲ!

ಕಾರ್ಡು ಬರೆಯಬೇಕೆಂದರೆ ಹಾಡು ಕೇಳಬೇಕು. ಅದುವರೆಗೆ ಕಿವಿಗೆ ಹತ್ತಿ ಇಟ್ಟುಕೊಂಡವಳು ನಾನು. ಈಗ ಹಿತ್ತಲಲ್ಲಿ ಕೂತು ಹಿಂದೆ ಸುತ್ತಿ, ಮುಂದೆ ಸುತ್ತಿ ಕೇಳತೊಡಗಿದೆ. ಬರೀ ಹೊಗಳಿದರೆ ಅನುಮಾನ ಬಂದೀತೆಂದು ಮುಂದಿನ ಕಾರ್ಡಿನಲ್ಲಿ ಹುಲಗೋಳದ ಅಭಿಮಾನಿಯೊಬ್ಬನಿಂದ ‘ಡ್ರಮ್ಮು ಜಾಸ್ತಿಯಾಯಿತು’ ಎಂದು ಬರೆಸಿದೆ. ಚಿಕ್ಕಪ್ಪ ಕುಣಿದಾಡಿಬಿಟ್ಟ: “ನೋಡು, ಇಂವ ನಿಜವಾಗ್ಲೂ ಕೇಳಿದ್ದ!” ಡ್ರಮ್ಮಿನವರು ಮಾತ್ರ ಮುನಿಸಿಕೊಂಡು ಎರಡು ವಾರ ಬರಲೇ ಇಲ್ಲ. ಅವರನ್ನು ಕರೆತರಲು ಸಿದ್ದಾಪುರದಲ್ಲೊಬ್ಬ ಡ್ರಮ್ಮಿನ ಅಭಿಮಾನಿಯನ್ನು ಹುಟ್ಟಿಸಬೇಕಾಯಿತು.

ಹಾವೇರಿಯವರಿಗೆ ‘ಕೊಡುವುದಿಲ್ಲ’ ಎಂಬ ಉತ್ತರ ಹೋಯಿತು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಚಿಕ್ಕಪ್ಪ, “ಕೂಸೆ, ನಾಳೆ ವಜ್ರಳ್ಳಿಗೆ ಹೋಪನ. ಆ ಅಭಿಮಾನಿ ಮನೆ ಹುಡುಕವು” ಎನ್ನಬೇಕೇ!

ಮರುದಿನ ಬಸ್ಸು ಹತ್ತಿದೆವು. “ಅವು ಮನೇಲಿ ಇಲ್ದಿದ್ರೆ?” ಎಂದೆ. “ಕಾದ್ರಾತು” ಎಂದ. ಯಲ್ಲಾಪುರದಲ್ಲಿ ಬಸ್ಸು ಬದಲಿಸಬೇಕು. ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಬಂತು. ಲೋಟ ಹಿಡಿದುಕೊಂಡೇ ಒಪ್ಪಿಕೊಂಡುಬಿಟ್ಟೆ:

“ಚಿಕ್ಕಪ್ಪ, ವಜ್ರಳ್ಳಿಯವ, ಹುಲಗೋಳದವ, ಸಿದ್ದಾಪುರದವ... ಎಲ್ಲಾ ಆನೇಯ.”

“ಗೊತ್ತಿದ್ದು” ಎಂದ. “ಹಿತ್ಲಲ್ಲಿ ಕೂತು ಎಡಗೈಯಲ್ಲಿ ಬರೀತಿದ್ದಾಗ್ಲೇ ನೋಡಿದ್ದೆ.”

“ಮತ್ತೆ ಗಿಟಾರ್ ಎಂತಕ್ಕೆ ಮಾರಿದ್ದಿಲ್ಲೆ?”

“ಎರಡನೇ ಪದ್ಯದಲ್ಲಿ ಆನು ಒಂದು ಕಡೆ ಉಸಿರು ತಗಂಡಿದ್ದು ಕೇಳ್ತು ಹೇಳಿ ನೀನು ಕಾರ್ಡಲ್ಲಿ ಬರದಿದ್ದೆ ಅಲ್ದ? ಅದು ರೆಕಾರ್ಡ್ ಮಾಡಿದವಂಗೂ ಕೇಳಿದ್ದಿಲ್ಲೆ. ಹೆಸ್ರು ಸುಳ್ಳಾದ್ರೆ ಎಂತಾತು ಕೂಸೆ, ಕೇಳಿದ್ದು ಸುಳ್ಳಲ್ಲ.”

ನಗಬೇಕೆಂದು ಹೋದರೆ ಅಳು ಬಂತು. ಮೂಗೊರೆಸಿಕೊಳ್ಳುತ್ತ, “ಎಲ್ಲಾ ಗೊತ್ತಿದ್ದೂ ಇಷ್ಟು ದೂರ ಎಂತಕ್ಕೆ ಬಂದದ್ದು?” ಎಂದು ಜಗಳಕ್ಕೇ ನಿಂತೆ.

ಚಿಕ್ಕಪ್ಪ ತನ್ನ ತಟ್ಟೆಯ ಬನ್ಸನ್ನು ನನ್ನ ಕಡೆ ಸರಿಸಿದ. “ಅಭಿಮಾನಿ ಜೊತಿಗೆ ಕೂತು ಒಂದು ಚಾ ಕುಡಿಯವು ಹೇಳಿ ಆಸೆ ಇತ್ತು” ಎಂದ. “ಅದೀಗ ಆತಲೆ.”