ಮ್ಯಾನೇಜರ ಪಾಸ್‌ವರ್ಡೂ ಸತ್ತುಹೋದ ಲ್ಯಾಪ್‌ಟಾಪೂ

ಕಂಪ್ಯೂಟರ್ ಸರಿಮಾಡುವ ಕೆಲಸದಲ್ಲಿರುವವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಫೋನ್ ಮಾಡಿ, "ನಾನೇನೂ ಮುಟ್ಟಿಲ್ಲ, ತಾನಾಗೇ ಹಿಂಗಾಯ್ತು" ಅಂತ ಮಾತು ಶುರುಮಾಡುತ್ತದೆ. ಮಸ್ಕತ್, ಸಿಂಗಪುರ, ಜೋಹಾನ್ಸ್‌ಬರ್ಗ್ ಎಂದು ಆರು ದೇಶಗಳಲ್ಲಿ ವಿಂಡೋಸ್ ಸರ್ವರುಗಳ ಸೇವೆ ಮಾಡಿ, ಏಳನೆಯದಾಗಿ ನಾನು ಬಂದಿಳಿದದ್ದು ಐರ್ಲೆಂಡಿಗೆ. ಕಾರ್ಕ್ ಊರಿನ ಅಂಚಿನ ಲಿಟಲ್ ಐಲ್ಯಾಂಡಿನಲ್ಲಿ ಒಂದು ಮಾತ್ರೆ ತಯಾರಿಸುವ ಕಂಪನಿ. ಹೆಸರಿಗೆ ದ್ವೀಪ, ಕಣ್ಣಿಗೆ ಬೀಳುವುದೆಲ್ಲ ಗೋಡೌನು ಮತ್ತು ರೌಂಡಬೌಟು.

ಮೊದಲ ಆರು ತಿಂಗಳು ಪ್ರೊಬೇಷನ್. ಅದರ ಕೊನೆಗೆ ಮ್ಯಾನೇಜರು "ಇವಳು ಇರಲಿ" ಎಂದು ಬರೆದರೆ ಕೆಲಸ, ಇಲ್ಲವಾದರೆ ಗಂಟುಮೂಟೆ. ಗಂಟುಮೂಟೆ ನನಗೆ ಹೊಸದಲ್ಲ. ಆದರೆ ಯಾವ ದೇಶದಲ್ಲೂ ಎರಡು ವರ್ಷ ನಿಲ್ಲದ ನಾನು ಇಲ್ಲಿ ಯಾಕೋ ಕಿಟಕಿಯ ಅಳತೆ ಕೊಟ್ಟು ಪರದೆ ಹೊಲಿಸಿಬಿಟ್ಟಿದ್ದೆ. ಬೇರೆಯವರು ಮನೆ ಕಟ್ಟಿಸಿದಷ್ಟು ದೊಡ್ಡ ಮಾತು ಅದು ನನ್ನ ಪಾಲಿಗೆ. ಆ ಪರದೆ ಬೇರೆ ಯಾವ ಮನೆಯ ಕಿಟಕಿಗೂ ಕೂರುವುದಿಲ್ಲ.

೧. ಅರ್ಜೆಂಟೇನಿಲ್ಲ

ನಾನು ಹಿಂದೆ ಕೆಲಸ ಮಾಡಿದ ಕಡೆಯೆಲ್ಲ ಜನ ಮೌಸು ಅಂಟಿಕೊಂಡರೂ "ಅತಿ ತುರ್ತು" ಎಂದು ಕೆಂಪಕ್ಷರದಲ್ಲಿ ಬರೆಯುತ್ತಿದ್ದರು. ಕೆಂಪು ಕಂಡರೆ ನಿಧಾನವಾಗಿ ಕಾಫಿ ಮುಗಿಸಿ ಏಳುವುದು ನನಗೆ ಅಭ್ಯಾಸವಾಗಿತ್ತು. ಕಾರ್ಕಿಗೆ ಬಂದ ಎರಡನೇ ವಾರ ಪ್ಯಾಕಿಂಗ್ ವಿಭಾಗದ ಹಿರಿಯ ಹೆಂಗಸೊಬ್ಬರು ಒಂದು ಮೇಲ್ ಕಳಿಸಿದರು. "ತೊಂದರೆ ಕೊಡ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಯಾವತ್ತಾದ್ರೂ ಬಿಡುವಾದಾಗ ನಮ್ಮ ಲೇಬಲ್ ಪ್ರಿಂಟರ್ ಕಡೆ ಒಂದು ಕಣ್ಣು ಹಾಯಿಸ್ತೀರಾ? ಅರ್ಜೆಂಟೇನಿಲ್ಲ."

ಎಂಥ ಸಂಭಾವಿತ ಜನ ಎಂದುಕೊಂಡು ಅದನ್ನು ಪಟ್ಟಿಯ ಬುಡಕ್ಕೆ ಹಾಕಿದೆ. ಮಧ್ಯಾಹ್ನ ಊಟಕ್ಕೆಂದು ಆ ಕಡೆ ಹೋದರೆ ಇಡೀ ವಿಭಾಗ ನಿಂತುಹೋಗಿದೆ. ಹೊರಗೆ ಮೂರು ಲಾರಿ ಖಾಲಿ ನಿಂತಿವೆ. ಕೆಲಸದವರೆಲ್ಲ ಸಾಲಾಗಿ ಗೋಡೆಗೆ ಒರಗಿ ಟೀ ಕುಡಿಯುತ್ತಿದ್ದಾರೆ.

"ಯಾವಾಗಿಂದ ಹೀಗೆ?" ಎಂದೆ.

"ಬೆಳಿಗ್ಗೆ ಏಳರಿಂದ," ಎಂದರು ಆಕೆ. "ಪರವಾಗಿಲ್ಲ ಬಿಡಿ, ಎಲ್ಲಾ ಗ್ರ್ಯಾಂಡ್ ಆಗೇ ಇದೆ." ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಏನೂ ತೊಂದರೆಯಿಲ್ಲ ಎಂದಷ್ಟೇ ಅರ್ಥ.

ಪ್ರಿಂಟರಿಗೆ ಕಳಿಸಿದ ಕಾಗದಗಳ ಸರದಿ ಒಂದು ಕಡೆ ಸಿಕ್ಕಿಕೊಂಡಿತ್ತು, ಅಷ್ಟೇ. ಆ ಸರ್ವಿಸನ್ನು ಒಮ್ಮೆ ನಿಲ್ಲಿಸಿ ಶುರುಮಾಡಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಲೇಬಲುಗಳು ಹೊರಬಿದ್ದವು, ಲಾರಿಗಳು ಹೊರಟವು. "ಇಷ್ಟಾದರೂ ಅರ್ಜೆಂಟಿಲ್ಲ ಅಂತ ಬರೆದಿದ್ದೀರಲ್ಲ!" ಎಂದು ರೇಗಿದೆ. ಆಕೆ ನನ್ನನ್ನು ಸಮಾಧಾನ ಮಾಡುವವರಂತೆ ಹೇಳಿದರು: "ನಿಜವಾಗ್ಲೂ ಅರ್ಜೆಂಟಿರಲಿಲ್ಲಮ್ಮ. ಟೀ ಪುಡಿ ಇನ್ನೂ ಅರ್ಧ ಡಬ್ಬ ಇತ್ತು."

೨. ಶಿವ ನಮ್ಮವನೇನಾ?

ನಮ್ಮ ಐಟಿ ವಿಭಾಗದಲ್ಲಿ ಇದ್ದದ್ದು ಮೂರೇ ಜನ. ನಾನು, ಕಾರ್ಕಿನವರೇ ಆದ ಮ್ಯಾನೇಜರು, ಮತ್ತೆ ಮೈಸೂರಿನ ಸಹೋದ್ಯೋಗಿ. ಈ ಮೈಸೂರಿನವರು ಎರಡು ಮಕ್ಕಳ ತಂದೆ. ಮಕ್ಕಳಿಗೆ ಕನ್ನಡದಲ್ಲಿ ಬೈದರೆ ಅವು ಕಾರ್ಕಿನ ರಾಗದಲ್ಲಿ ಇಂಗ್ಲಿಷಿನಲ್ಲಿ ಸಾರಿ ಕೇಳುತ್ತವೆ. ಆ ಸಿಟ್ಟನ್ನೆಲ್ಲ ಅವರು ಕೋಡ್ ಬರೆಯುವಾಗ ತೀರಿಸಿಕೊಳ್ಳುತ್ತಿದ್ದರು.

ಎಲ್ಲರ ಕಂಪ್ಯೂಟರಿನಲ್ಲೂ ಡಿಸ್ಕ್ ತುಂಬುತ್ತ ಬಂದಾಗ ಎಚ್ಚರಿಸುವ ಒಂದು ಚಿಕ್ಕ ಪ್ರೋಗ್ರಾಂ ಬರೆಯಬೇಕಿತ್ತು. ಪರೀಕ್ಷೆಗೆಂದು ಅವರು ಅದರಲ್ಲಿ ತಮಗೆ ತೋಚಿದ ವಾಕ್ಯವನ್ನು, ಡಿಸ್ಕ್ ತುಂಬದಿದ್ದರೂ ಕಾಣುವಂತೆ, ಹಾಕಿದ್ದರು. ಆಮೇಲೆ ಬದಲಾಯಿಸಲು ಮರೆತು ಇಡೀ ಕಂಪನಿಗೆ ಹಂಚಿಬಿಟ್ಟರು. ಮರುದಿನ ಬೆಳಿಗ್ಗೆ ಕಾರ್ಖಾನೆಯ ಪ್ರತಿ ಪರದೆಯ ಮೇಲೂ ದಪ್ಪ ಕನ್ನಡ ಅಕ್ಷರ ಕೂತಿತ್ತು: "ಅಯ್ಯೋ ಶಿವನೇ, ಮತ್ತೆ ತುಂಬ್ತು!"

ಅಕ್ಷರ ಗುರುತಿಸಲಾಗದ ಡಬ್ಲಿನ್ನಿನ ಮುಖ್ಯ ಕಚೇರಿಯ ಭದ್ರತಾ ತಂಡ ಇದು ಸೈಬರ್ ದಾಳಿಯೇ ಎಂದು ತೀರ್ಮಾನಿಸಿ ನಮ್ಮ ಕಟ್ಟಡದ ಇಂಟರ್ನೆಟ್ಟನ್ನೇ ಕತ್ತರಿಸಿತು. ಯಾವುದೋ ಯಂತ್ರದಿಂದ ಆ ವಾಕ್ಯದ ಅರ್ಥ ತೆಗೆಸಿ ಒಂದು ವರದಿಯನ್ನೂ ಸಿದ್ಧಮಾಡಿತು. ಮ್ಯಾನೇಜರು ವರದಿ ಹಿಡಿದು ನಮ್ಮ ಮೇಜಿಗೆ ಬಂದರು. "ದಾಳಿ ಮಾಡಿದವನ ಹೆಸರು ಶಿವ ಅಂತೆ. ನಮ್ಮವನೇನಾ?"

ಮೈಸೂರಿನವರು ಎದ್ದು ನಿಂತರು. "ನಮ್ಮವರೇ ಸಾರ್. ತುಂಬಾ ಸೀನಿಯರ್ರು."

೩. ಕುರ್ಚಿಯ ಕೆಳಗೆ ನಿಂಬೆಹಣ್ಣು

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಆರು ದೇಶದಲ್ಲಿ ಮಾಡದ ಪೂಜೆ ಏಳನೆಯದರಲ್ಲಿ ಯಾಕೆ ಎಂದು ನಾನು ಮೂಗು ಮುರಿದೆ. "ಹೋದ ವರ್ಷ ಮಾಡಿರಲಿಲ್ಲ ಮೇಡಂ, ಸರ್ವರ್ ಎರಡು ಸಲ ಹೋಯ್ತು," ಎಂದರು ಮೈಸೂರಿನವರು. ತರ್ಕಕ್ಕೆ ಸೋತಲ್ಲ, ಅವರ ಮನೆಯಿಂದ ಬಂದಿದ್ದ ಡಬ್ಬದ ವಾಸನೆಗೆ ಸೋತು ಒಪ್ಪಿದೆ.

ಸರ್ವರ್ ರೂಮಿನಲ್ಲಿ ಕುಂಕುಮ ಕಂಡರೆ ಕೆಲಸ ಹೋದೀತು. ಹಾಗಾಗಿ ಸ್ಟೋರ್ ರೂಮಿನ ಬೀರುವೇ ಮಂಟಪವಾಯಿತು. ಸ್ಕ್ರೂಡ್ರೈವರ್ ಸೆಟ್ಟು, ಇಕ್ಕಳ, ಒಂದು ಹಾರ್ಡ್ ಡಿಸ್ಕು, ಅವತ್ತು ಬೆಳಿಗ್ಗೆ ಯಾರೋ ವಾಪಸು ಕೊಟ್ಟಿದ್ದ ಹಳೇ ಲ್ಯಾಪ್‌ಟಾಪು, ಎಲ್ಲಕ್ಕೂ ಕುಂಕುಮ, ಸೇವಂತಿಗೆ. ಹೊಗೆ ಬಂದರೆ ಅಲಾರಂ ಕೂಗುತ್ತದಲ್ಲ, ಅದಕ್ಕೆ ಊದುಬತ್ತಿಯ ಬದಲು ಪ್ಲಗ್ಗಿಗೆ ಸಿಕ್ಕಿಸುವ ಮಿಣುಕು ದೀಪದ ಸರ. "ಲ್ಯಾಪ್‌ಟಾಪನ್ನೂ ಚಾರ್ಜಿಗೆ ಹಾಕಿ. ಜೀವ ಇಲ್ಲದ್ದಕ್ಕೆ ಎಂಥ ಪೂಜೆ?" ಎಂದು ತಮಾಷೆ ಮಾಡಿ ಚಾರ್ಜರನ್ನು ನಾನೇ ಸಿಕ್ಕಿಸಿದೆ.

ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಲ್ಲ. ನಮ್ಮ ವಿಭಾಗದಲ್ಲಿ ಗಾಡಿ ಎಲ್ಲಿಯದು? ಚಕ್ರ ಇದ್ದದ್ದು ಕುರ್ಚಿಗೆ ಮಾತ್ರ. ಐದು ಚಕ್ರಕ್ಕೆ ಐದು ನಿಂಬೆಹಣ್ಣು ಇಟ್ಟು ಮೈಸೂರಿನವರು ಕೈಮುಗಿಯುತ್ತಿದ್ದಂತೆ ಮ್ಯಾನೇಜರು ಒಳಗೆ ಬಂದು ಅದೇ ಕುರ್ಚಿಯ ಮೇಲೆ ಧೊಪ್ಪನೆ ಕೂತರು. ಪಚ್ಚ್ ಎಂದು ಐದೂ ಅಪ್ಪಚ್ಚಿ. ಅವರು ಬಗ್ಗಿ ನೋಡಿದರು, ಮೂಸಿದರು. ಇದೆಲ್ಲ ಏನು ಎತ್ತ ಎಂದು ನಾವು ವಿವರಿಸಿದ್ದನ್ನು ಗಂಭೀರವಾಗಿ ಕೇಳಿಸಿಕೊಂಡರು.

"ನಮ್ಮಲ್ಲಿ ಇದಕ್ಕೆ ಲವಂಗ ಚುಚ್ಚಿ ಬಿಸಿ ವಿಸ್ಕಿಗೆ ಹಾಕ್ತೀವಿ," ಎಂದರು ಕೊನೆಗೆ. "ಕುರ್ಚಿಗೆ ದಂಡ ಮಾಡಿದ್ರಲ್ಲ."

೪. ಹತ್ತು ನಿಮಿಷದ ಮ್ಯಾನೇಜರು

ಜನವರಿಯಲ್ಲಿ ಮ್ಯಾನೇಜರು ನಿಯಮದ ಪ್ರಕಾರ ಪಾಸ್‌ವರ್ಡ್ ಬದಲಾಯಿಸಿದರು. ಅಂದಿನಿಂದ ಅವರ ಅಕೌಂಟಿಗೆ ಬೀಗ ಬೀಳತೊಡಗಿತು. ಯಾರಾದರೂ ಐದು ಸಲ ತಪ್ಪು ಪಾಸ್‌ವರ್ಡ್ ಹೊಡೆದರೆ ವಿಂಡೋಸ್ ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ನಾವು ತೆಗೆಯುತ್ತಿದ್ದೆವು, ಹತ್ತು ನಿಮಿಷಕ್ಕೆ ಮತ್ತೆ ಬೀಗ. ಅವರ ಫೋನ್ ನೋಡಿದೆವು, ಟ್ಯಾಬ್ಲೆಟ್ ನೋಡಿದೆವು, ಅವರ ಹೆಂಡತಿಯ ಫೋನನ್ನೂ ಸಂಕೋಚದಿಂದಲೇ ಇಸಕೊಂಡು ನೋಡಿದೆವು. ಎಲ್ಲವೂ ನಿರಪರಾಧಿ.

ಅಷ್ಟರಲ್ಲಿ ನನ್ನ ಪ್ರೊಬೇಷನ್ ಮುಗಿಯುತ್ತ ಬಂತು. ಮ್ಯಾನೇಜರು ಕಂಪನಿಯ ವೆಬ್‌ಸೈಟಿಗೆ ಹೋಗಿ ನನ್ನ ಬಗ್ಗೆ ಒಂಬತ್ತು ಪುಟದ ಫಾರಂ ತುಂಬಬೇಕು. ಶುಕ್ರವಾರ ಸಂಜೆ ಐದರೊಳಗೆ ಅದು ತಲುಪದಿದ್ದರೆ "ನಿಮ್ಮನ್ನು ಖಾಯಂ ಮಾಡಲಾಗುತ್ತಿಲ್ಲ" ಎಂಬ ಪತ್ರ ತಾನೇ ಹೊರಡುತ್ತದೆ. ಫಾರಮ್ಮಿಗೆ ಬೇಕಾದದ್ದು ಹದಿನೈದು ನಿಮಿಷ. ಮ್ಯಾನೇಜರಿಗೆ ಇದ್ದದ್ದು ಹತ್ತು. ಪ್ರತಿ ಸಲವೂ ಏಳನೇ ಪುಟಕ್ಕೆ ಬಂದಾಗ ಅದು ಅವರನ್ನು ಹೊರಗೆ ತಳ್ಳುತ್ತಿತ್ತು. ಬರೆದದ್ದೆಲ್ಲ ಮಾಯ.

ಡಬ್ಲಿನ್ನಿನ ಎಚ್‌ಆರ್‌ಗೆ ಫೋನ್ ಮಾಡಿದೆ. ಒಂದು ಯಂತ್ರ ಮಾತಾಡಿತು: "ಲಾಗಿನ್ ತೊಂದರೆಯಿದ್ದಲ್ಲಿ ನಿಮ್ಮ ಐಟಿ ವಿಭಾಗವನ್ನು ಸಂಪರ್ಕಿಸಿ." ನನ್ನನ್ನು ನಾನೇ ಸಂಪರ್ಕಿಸಿಕೊಂಡೆ. ಪ್ರಯೋಜನವಾಗಲಿಲ್ಲ.

ಗುರುವಾರ ಸಂಜೆ ಮ್ಯಾನೇಜರು ಬಂದು ನನ್ನೆದುರು ಕುಸಿದು ಕೂತರು. "ನಿನ್ನ ಬಗ್ಗೆ ಒಳ್ಳೇದೆಲ್ಲ ಆರು ಸಲ ಬರೆದೆ. ಇನ್ನೊಂದು ಸಲ ಬರೆಯೋಕೆ ಹೋದ್ರೆ ನಂಗೇ ಅನುಮಾನ ಶುರುವಾಗುತ್ತೆ."

೫. ತಿಥಿ

ಶುಕ್ರವಾರ ಸಂಜೆ ನಾಲ್ಕು ಗಂಟೆ. ಹಾಗೆ ನೋಡಿದರೆ ತಪ್ಪು ಪಾಸ್‌ವರ್ಡ್ ಎಲ್ಲಿಂದ ಬರುತ್ತಿದೆ ಎಂದು ಸರ್ವರಿನ ದಾಖಲೆ ಮೊದಲ ದಿನದಿಂದಲೂ ಹೇಳುತ್ತಲೇ ಇತ್ತು. ಮ್ಯಾನೇಜರ ಹಳೇ ಲ್ಯಾಪ್‌ಟಾಪಿನ ಹೆಸರು ಅದರಲ್ಲಿ ಸ್ಪಷ್ಟವಾಗಿತ್ತು. ಆದರೆ ಆ ಲ್ಯಾಪ್‌ಟಾಪಿನ ಕಥೆ ಅಕ್ಟೋಬರಿನಲ್ಲೇ ಮುಗಿದಿತ್ತಲ್ಲ! "ಡಿಸ್ಕ್ ಅಳಿಸಿ ವಿಲೇವಾರಿ ಮಾಡಲಾಗಿದೆ" ಎಂದು ರಿಜಿಸ್ಟರಿನಲ್ಲಿತ್ತು, ಕೆಳಗೆ ನನ್ನದೇ ಸಹಿ. ಸರ್ವರಿಗೇ ಏನೋ ಭ್ರಮೆ ಎಂದುಕೊಂಡಿದ್ದೆ. ನನ್ನ ಸಹಿಯನ್ನು ನಾನೇ ನಂಬದಿದ್ದರೆ ಇನ್ಯಾರು ನಂಬುತ್ತಾರೆ?

ಬೇರೇನೂ ತೋಚದೆ, ಸತ್ತವನ ಮನೆ ಬಾಗಿಲು ತಟ್ಟಿದಂತೆ, ಆ ಹೆಸರಿಗೆ ನೆಟ್‌ವರ್ಕಿನಲ್ಲಿ ಒಂದು ಕರೆ ಕೊಟ್ಟು ನೋಡಿದೆ.

ಉತ್ತರ ಬಂತು.

ಮೈಸೂರಿನವರು ಕುರ್ಚಿ ಹಿಂದಕ್ಕೆ ಸರಿಸಿದರು. "ತಿಥಿ ಸರಿಯಾಗಿ ಆಗಿಲ್ಲ ಮೇಡಂ. ಅದಕ್ಕೇ ಬಂದು ಬಾಗಿಲು ತಟ್ತಾ ಇದೆ."

"ಸುಮ್ನಿರ್ರೀ, ಎಲ್ಲಿಂದ ಮಾತಾಡ್ತಿದೆ ನೋಡಿ."

ಅವರು ವೈಫೈ ದಾಖಲೆ ತೆಗೆದರು. "ಸ್ಟೋರ್ ರೂಮಿಂದ."

ಇಬ್ಬರೂ ಓಡಿದೆವು. ಬೀರು ತೆಗೆದರೆ ಮಿಣುಕು ದೀಪ ಇನ್ನೂ ಮಿಣುಕುತ್ತಿದೆ. ಕುಂಕುಮ ಹಚ್ಚಿಕೊಂಡು, ಒಣಗಿದ ಸೇವಂತಿಗೆ ಮುಡಿದುಕೊಂಡು, ಚಾರ್ಜರಿನ ಹಾಲು ಕುಡಿಯುತ್ತ ಆರಾಮವಾಗಿ ಕೂತಿದೆ ಮ್ಯಾನೇಜರ ಹಳೇ ಲ್ಯಾಪ್‌ಟಾಪು!

ಆಗ ಎಲ್ಲ ನೆನಪಾಯಿತು. ಪೂಜೆಯ ದಿನ ಬೆಳಿಗ್ಗೆ ಅದನ್ನು ವಾಪಸು ಕೊಟ್ಟ "ಯಾರೋ" ಎಂದರೆ ಮ್ಯಾನೇಜರೇ, ಲಾಗ್‌ಔಟ್ ಕೂಡ ಆಗದೆ. ದೊಡ್ಡ ಪರದೆಗೆ ಜೋಡಿಸಿಕೊಳ್ಳಲೆಂದು ಅವರು ಮುಚ್ಚಳ ಮುಚ್ಚಿದರೂ ಅದು ನಿದ್ದೆ ಹೋಗದ ಹಾಗೆ ಮಾಡಿಟ್ಟಿದ್ದರು. ಡಿಸ್ಕ್ ಅಳಿಸಲು ಹೊರಟ ನನ್ನನ್ನು ಮೈಸೂರಿನವರು ತಡೆದಿದ್ದರು: "ಪೂಜೆಗಿಟ್ಟ ಆಯುಧ ಇವತ್ತು ಮುಟ್ಟಬಾರದು ಮೇಡಂ, ನಾಳೆ." ರಿಜಿಸ್ಟರ್ ಅವತ್ತೇ ಆಡಿಟಿಗೆ ಹೋಗಬೇಕಿತ್ತು. ನಾಳೆ ಮಾಡಿದರಾಯಿತು ಎಂದು ಸಹಿ ಹಾಕಿ ಕಳಿಸಿದ್ದೆ. ಆ ನಾಳೆ ಇನ್ನೂ ಬಂದಿರಲಿಲ್ಲ. ಲ್ಯಾಪ್‌ಟಾಪು ಮಾತ್ರ ತನಗೆ ಗೊತ್ತಿದ್ದ ಹಳೇ ಪಾಸ್‌ವರ್ಡ್ ಹಿಡಿದು ಎರಡೆರಡು ನಿಮಿಷಕ್ಕೂ ಮೇಲ್ ಬಂತಾ, ಮೇಲ್ ಬಂತಾ ಎಂದು ವಿಚಾರಿಸುತ್ತಿತ್ತು.

"ವಿಂಡೋಸ್ ನಾಲ್ಕು ತಿಂಗಳು ಒಂದೇ ಒಂದು ಸಲ ರೀಸ್ಟಾರ್ಟ್ ಆಗದೆ ನಿಂತಿದೆ ಮೇಡಂ," ಎಂದರು ಮೈಸೂರಿನವರು ಕೈಮುಗಿದು. "ಪೂಜೆ ಶಕ್ತಿ ನೋಡಿ!" ಆಮೇಲೆ ದನಿ ತಗ್ಗಿಸಿದರು: "ಸುಮ್ನೆ ಆಫ್ ಮಾಡಿಬಿಡಿ. ಯಾರಿಗೂ ಗೊತ್ತಾಗಲ್ಲ."

"ಯಾರಿಗೆ ಗೊತ್ತಾಗಲ್ಲ?" ಎಂದಿತು ಬಾಗಿಲ ಕಡೆಯಿಂದ ಒಂದು ದನಿ, ಇಂಗ್ಲಿಷಿನಲ್ಲಿ. ನಾವು ಓಡಿದ್ದನ್ನು ನೋಡಿ ಮ್ಯಾನೇಜರು ಹಿಂದೆಯೇ ಬಂದಿದ್ದರು. ಕನ್ನಡ ಬಾರದಿದ್ದರೇನು, ತಪ್ಪು ಮಾಡಿದವರ ಪಿಸುಮಾತು ಯಾವ ಭಾಷೆಯಲ್ಲಿದ್ದರೂ ಮ್ಯಾನೇಜರಿಗೆ ತಿಳಿಯುತ್ತದೆ.

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಪೂಜೆ, ಚಾರ್ಜರು, ಸುಳ್ಳು ಸಹಿ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಮನಸ್ಸಿನಲ್ಲೇ ಕಿಟಕಿಯ ಪರದೆ ಬಿಚ್ಚಿ ಮಡಿಸಿಟ್ಟೂ ಆಯಿತು. ಅವರು ಹತ್ತಿರ ಬಂದು ತಮ್ಮ ಹಳೇ ಲ್ಯಾಪ್‌ಟಾಪಿನ ಮೇಲಿನ ಹೂವನ್ನು ಮೆಲ್ಲಗೆ ಸರಿಸಿದರು.

"ತಪ್ಪು ಅಂತ ದಿನಾ ಹೇಳಿಸ್ಕೊಂಡೂ ಬಿಡದೆ ಕೆಲಸಕ್ಕೆ ಬಂದಿದೆಯಲ್ಲ. ಈ ಬಿಲ್ಡಿಂಗಲ್ಲಿ ಇಷ್ಟು ನಿಷ್ಠೆ ಇರೋರು ಇನ್ಯಾರಿದ್ದಾರೆ?" ಎಂದು, ತಾವೇ ಸ್ವಿಚ್ ಒತ್ತಿ ಅದಕ್ಕೆ ಮುಕ್ತಿ ಕೊಟ್ಟರು.

ಆಮೇಲೆ ಅಕೌಂಟಿಗೆ ಬೀಗ ಬೀಳಲಿಲ್ಲ. ಏಳನೇ ಪುಟ ದಾಟಿತು, ಒಂಬತ್ತನೆಯದೂ ಮುಗಿಯಿತು. ಐದಕ್ಕೆ ಮೂರು ನಿಮಿಷ ಇರುವಾಗ ಫಾರಂ ಹೋಯಿತು. ಹೋಗುವ ಮುಂಚೆ ಕೊನೆಯ ಪುಟ ನನಗೆ ತೋರಿಸಿದರು. "ಖಾಯಂ ಮಾಡಬಹುದು" ಎಂಬುದರ ಕೆಳಗೆ "ಯಾವುದರಲ್ಲಿ ಸುಧಾರಿಸಬೇಕು?" ಎಂಬ ಪ್ರಶ್ನೆ. ಅದಕ್ಕೆ ಅವರ ಉತ್ತರ: "ಪೂಜೆ ಮುಗಿದ ಮೇಲೆ ಸ್ವಿಚ್ ಆಫ್ ಮಾಡುವುದನ್ನು ಕಲಿಯಬೇಕು."

ಸೋಮವಾರ ಡಬ್ಲಿನ್ನಿನ ಎಚ್‌ಆರ್‌ನಿಂದ ಪತ್ರ ಬಂತು, ಈ ಸಲ ಯಂತ್ರವಲ್ಲ, ಮನುಷ್ಯರೇ ಬರೆದದ್ದು. ನನ್ನನ್ನು ಖಾಯಂ ಮಾಡಲು ಹರ್ಷಿಸುತ್ತಾರಂತೆ. ಸುಧಾರಣೆಗೆಂದು ಸೂಚಿಸಿದ ವಿಷಯದಲ್ಲಿ ಮಾತ್ರ ತರಬೇತಿ ಕೊಡಬಲ್ಲವರು ಸದ್ಯ ಕಂಪನಿಯಲ್ಲಿ ಯಾರೂ ಇಲ್ಲವಂತೆ. ದಾಳಿಯ ವರದಿಗೆ ಮ್ಯಾನೇಜರು ಬರೆದು ಕಳಿಸಿದ್ದ ಉತ್ತರದಲ್ಲಿರುವ ಆ ಸೀನಿಯರ್ ಶಿವ ಅವರನ್ನೇ ಕೇಳಿ ನೋಡಬಹುದೇ ಎಂದು ವಿಚಾರಿಸಿದ್ದಾರೆ.